ಹೊಳೆ ಇಳಿದ ಮೇಲಿನ ಕೆಲಸ

ಆಷಾಢದಲ್ಲಿ ನಾಲ್ಕು ದಿನ ಎಡೆಬಿಡದೆ ಮಳೆ ಹೊಡೆದರೆ ಶಿವಮೊಗ್ಗದ ಜನ ಹೊಳೆ ನೋಡಲು ಹೊರಡುತ್ತಾರೆ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ನೀರಿನಲ್ಲಿರುವ ಕಲ್ಲಿನ ಮಂಟಪ ಎಷ್ಟು ಮುಳುಗಿದೆ ಎಂಬುದೇ ಊರಿನ ಅಳತೆಗೋಲು. ಮಂಟಪ ಪೂರ್ತಿ ಕಾಣೆಯಾಯಿತೆಂದರೆ ಹೊಳೆ ತುಂಬಿತು ಎಂದು ಲೆಕ್ಕ. ಬಾಗಿನ ಬಿಡುವವರು ಬಿಡುತ್ತಾರೆ, ಫೋಟೊ ಹೊಡೆಯುವವರು ಹೊಡೆಯುತ್ತಾರೆ, ತಗ್ಗಿನ ಬಡಾವಣೆಯವರು ಅಕ್ಕಿ ಮೂಟೆಯನ್ನು ಅಟ್ಟಕ್ಕೇರಿಸುತ್ತಾರೆ. ಅದೇ ಹೊತ್ತಿಗೆ ರೈಲ್ವೆಯ ಟ್ರ್ಯಾಕ್‌ಮನ್ ನೋಡುವ ಗುರುತು ಬೇರೆ. ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಬಳಿದ ಅಪಾಯ ಮಟ್ಟದ ಪಟ್ಟಿ ಒಂದು, ಹಿಂದೆಂದೋ ನೀರು ಮುಟ್ಟಿದ ಅತಿ ಎತ್ತರದ ಗೆರೆ ಇಸವಿ ಸಮೇತ ಇನ್ನೊಂದು.

ಜನರ ಮಂಟಪವಾಗಲಿ ರೈಲ್ವೆಯ ಪಟ್ಟಿಯಾಗಲಿ ಹೇಳುವುದು ನೀರಿನ ಮೇಲ್ಮೈಯ ಸುದ್ದಿ. ಸೇತುವೆಗೆ ಕುತ್ತು ಬರುವುದು ಹೆಚ್ಚಾಗಿ ತಳದಿಂದ. ಹಾಗಾಗಿಯೇ ನೆರೆಯಲ್ಲಿ ಕೆಟ್ಟ ರೈಲ್ವೆ ಸೇತುವೆಯ ಕೆಲಸ ಎರಡು ಪಾಲಾಗುತ್ತದೆ. ರೈಲು ಮತ್ತೆ ಓಡಿಸುವುದು ಒಂದು, ಸೇತುವೆಯನ್ನು ಮತ್ತೆ ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ಮುಖಪುಟದಲ್ಲಿ ಜಾಗ ಸಿಗುತ್ತದೆ. ಎರಡನೆಯದು ಒಳಪುಟದ ಟೆಂಡರ್ ಪ್ರಕಟಣೆಯಲ್ಲಿ ಮುಗಿದುಹೋಗುತ್ತದೆ. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ ಆಗುವ ಅನಾಹುತ ಸಣ್ಣದಲ್ಲ.

ಶಿವಮೊಗ್ಗ, ಭದ್ರಾವತಿ ನಡುವಿನ ಮಲವಗೊಪ್ಪದಲ್ಲಿ ನಿಂತರೆ ಈ ವಿಷಯದ ಭೂಗೋಳ ಸಲೀಸಾಗಿ ತಿಳಿಯುತ್ತದೆ. ಚನ್ನಬಸವೇಶ್ವರನ ಗುಡಿ, ಬಾಗಿಲು ಹಾಕಿ ಎಷ್ಟೋ ವರ್ಷವಾದ ತುಂಗಭದ್ರಾ ಸಕ್ಕರೆ ಕಾರ್ಖಾನೆ, ಲಾರಿಗಳ ಸದ್ದು ನಿಲ್ಲದ ಬಿ.ಎಚ್. ರಸ್ತೆ. ಊರಿರುವುದು ತುಂಗೆ, ಭದ್ರೆ ಎಂಬ ಎರಡು ಹೊಳೆಗಳ ನಡುವಿನ ನೆಲದಲ್ಲಿ. ಬೀರೂರು, ತರೀಕೆರೆ ಕಡೆಯಿಂದ ಬರುವ ಹಳಿ ಭದ್ರಾವತಿಯಲ್ಲಿ ಭದ್ರೆಯನ್ನು ದಾಟುತ್ತದೆ, ಈ ಬಯಲನ್ನು ಹಾಯುತ್ತದೆ, ವಿದ್ಯಾನಗರ ಕಳೆದ ಮೇಲೆ ತುಂಗೆಯನ್ನು ದಾಟಿ ಶಿವಮೊಗ್ಗ ಟೌನ್ ನಿಲ್ದಾಣ ಸೇರುತ್ತದೆ. ಎರಡು ಹೊಳೆಗಳು ಕೂಡಲಿಯಲ್ಲಿ ಒಂದಾಗುವ ಮೊದಲೇ ರೈಲು ಅವನ್ನು ಬಿಡಿಬಿಡಿಯಾಗಿ ದಾಟಬೇಕು. 1899ರಲ್ಲಿ ಮೀಟರ್ ಗೇಜ್ ಆಗಿ ಬಂದ ಈ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು.

ಎರಡು ಹೊಳೆಗಳ ಸ್ವಭಾವವೂ ಒಂದೇ ಅಲ್ಲ. ಭದ್ರೆಗೆ ಲಕ್ಕವಳ್ಳಿಯಲ್ಲಿ 186 ಅಡಿ ನೀರು ಹಿಡಿಯುವ ಅಣೆಕಟ್ಟೆಯಿದೆ. ಅದು ತುಂಬುವವರೆಗೆ ನೆರೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ತುಂಬಿದ ಮೇಲೆ ಗೇಟು ಎತ್ತಿದರೆ ಭದ್ರಾವತಿ ಊರೊಳಗಿನ ರಸ್ತೆ ಸೇತುವೆಯ ಮೇಲೆ ನೀರು ಹರಿಯುತ್ತದೆ. ತುಂಗೆಗೆ ಗಾಜನೂರಿನಲ್ಲಿರುವುದು ಚಿಕ್ಕ ಜಲಾಶಯ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಜೋರಾದರೆ ಬಂದದ್ದನ್ನು ಬಂದ ಹಾಗೆ ಕೆಳಕ್ಕೆ ಬಿಡದೆ ಬೇರೆ ದಾರಿಯಿಲ್ಲ. ರೈಲಿಗೂ ಬೇರೆ ದಾರಿಯಿಲ್ಲ. ಆಚೆ ತುದಿಯಲ್ಲಿ ತಾಳಗುಪ್ಪಕ್ಕೆ ಹಳಿ ಮುಗಿಯುತ್ತದೆ. ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ಮಾರ್ಗ ಸಿದ್ಧವಾಗುವವರೆಗೆ ತುಂಗೆಯ ಆ ಒಂದು ಸೇತುವೆಯೇ ಶಿವಮೊಗ್ಗದ, ಸಾಗರದ ರೈಲಿಗೆ ಆಧಾರ. ಅದು ಒಂದು ತಿಂಗಳು ಕೆಲಸಕ್ಕೆ ಬಾರದೆ ಹೋದರೆ ಜನಶತಾಬ್ದಿ, ಇಂಟರ್‌ಸಿಟಿ ಎಲ್ಲವೂ ಭದ್ರಾವತಿಗೇ ನಿಲ್ಲಬೇಕು. ಆಗ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಬೇರೆಡೆ ನಡೆದದ್ದರಿಂದಲೇ ತಿಳಿಯಬೇಕು.

ಮೊದಲು, ಸೇತುವೆ ಬೀಳುವುದು ಹೇಗೆ? ನೀರು ತಳ್ಳಿದ್ದರಿಂದ ಕಂಬ ಉರುಳಿತು ಎಂದು ನಾವು ಅಂದುಕೊಳ್ಳುತ್ತೇವೆ. ಗಟ್ಟಿ ಕಲ್ಲಿನ ಕಂಬ ಬರೀ ತಳ್ಳುವಿಕೆಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ರಭಸದ ನೀರು ಕಂಬದ ಮೂಗಿಗೆ ಬಡಿದಾಗ ಅದರ ಒಂದು ಪಾಲು ಕೆಳಕ್ಕೆ ಧುಮುಕುತ್ತದೆ, ತಳ ಮುಟ್ಟಿ ಕಂಬದ ಎರಡೂ ಬದಿಗೆ ಕುದುರೆ ಲಾಳದ ಆಕಾರದ ಸುಳಿಯಾಗಿ ಸುತ್ತುತ್ತದೆ. ಆ ಸುಳಿ ಮರಳನ್ನು ಅಗೆದು ಹೊರಹಾಕುತ್ತಲೇ ಇರುತ್ತದೆ. ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ನಿಂತವರಿಗೆ ಹಿಮ್ಮಡಿಯ ಕೆಳಗಿನ ಮರಳು ಜಾರುವುದು ಗೊತ್ತು. ಅದೇ ಕೆಲಸ ಇಲ್ಲಿ ಮೀಟರುಗಟ್ಟಲೆ ಆಳಕ್ಕೆ ನಡೆಯುತ್ತದೆ. ಮಲೆನಾಡಿನ ಹೊಳೆಯಾದರೆ ಅದರ ಜೊತೆಗೆ ಮರದ ದಿಮ್ಮಿ, ಬುಡಸಮೇತ ಕಿತ್ತು ಬಂದ ಬಿದಿರು ಮೆಳೆ ಕಂಬಕ್ಕೆ ಸಿಕ್ಕಿಕೊಂಡು ನೀರಿನ ದಾರಿ ಕಿರಿದಾಗುತ್ತದೆ. ದಾರಿ ಕಿರಿದಾದಷ್ಟೂ ರಭಸ ಹೆಚ್ಚು, ಕೊರೆತವೂ ಹೆಚ್ಚು.

ಇದರಲ್ಲಿ ಒಂದು ಕುತಂತ್ರವಿದೆ. ನೆರೆ ಏರುವಾಗ ತೋಡಿದ ಗುಂಡಿಯನ್ನು ಹೊಳೆ ಇಳಿಯುವಾಗ ತಾನೇ ಮುಚ್ಚುತ್ತದೆ. ಮೇಲಿನಿಂದ ಹೊತ್ತು ತಂದ ಮರಳು ನೀರು ನಿಧಾನವಾದಂತೆ ಅಲ್ಲೇ ಕೂರುತ್ತದೆ. ಮಾಘ ಮಾಸದಲ್ಲಿ ಇಂಜಿನಿಯರು ಬಂದು ನೋಡಿದರೆ ಕಂಬದ ಸುತ್ತ ಸಮತಟ್ಟಾದ ಮರಳು, ಅದರ ಮೇಲೆ ಬಟ್ಟೆ ಒಣಗಿಸುವವರು. ಆ ಮರಳು ಹೊಸದು, ಸಡಿಲವಾದದ್ದು. ಮುಂದಿನ ನೆರೆಗೆ ಮೊದಲ ದಿನವೇ ಎದ್ದುಹೋಗುತ್ತದೆ.

ಕಂಬದ ಬುಡ ಬಂಡೆಯ ಮೇಲೆ ಕೂತಿದ್ದರೆ ಈ ಭಯ ಕಡಿಮೆ. ತುಂಗೆಯ ತಳದಲ್ಲಿ ಬಂಡೆ ಹಲವೆಡೆ ಎದ್ದು ಕಾಣುತ್ತದೆ. ಆದರೆ ನೀರು ಆಗ ಸುಮ್ಮನಿರದೆ ಪಕ್ಕದ ದಾರಿ ಹುಡುಕುತ್ತದೆ. ಸೇತುವೆಯ ಎರಡು ತುದಿಯಲ್ಲಿ ದಡದ ಗೋಡೆ, ಅದರ ಹಿಂದೆ ಮಣ್ಣಿನ ಏರಿ. ನೀರು ಗೋಡೆಯ ಬೆನ್ನಿಗೆ ಸುತ್ತಿಕೊಂಡಿತೋ, ಏರಿಯ ಮಣ್ಣು ರಾತ್ರೋರಾತ್ರಿ ಖಾಲಿ. ಹಳಿ ಮತ್ತು ಸ್ಲೀಪರು ಒಂದಕ್ಕೊಂದು ಬಿಗಿದಿರುವುದರಿಂದ ಕೆಳಗೆ ಏನೂ ಇಲ್ಲದಿದ್ದರೂ ಗಾಳಿಯಲ್ಲಿ ಹಾಗೇ ತೂಗುತ್ತಿರುತ್ತವೆ. ಲೋಕೊ ಪೈಲಟ್‌ಗೆ ದೂರದಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅದಕ್ಕೇ ಮಳೆಗಾಲದ ಗಸ್ತು. ಕೊಡೆಯೋ ಪ್ಲಾಸ್ಟಿಕ್ ಕೊಪ್ಪೆಯೋ ಹೊದ್ದು, ದೀಪ, ಬಾವುಟ, ಪಟಾಕಿ ಹಿಡಿದು ರಾತ್ರಿಯೆಲ್ಲ ಹಳಿಯ ಮೇಲೆ ನಡೆಯುವವರು ಗಸ್ತಿನ ಟ್ರ್ಯಾಕ್‌ಮನ್‌ಗಳು. ಹಳಿ ಕೆಟ್ಟಿರುವುದು ಕಂಡರೆ ಬ್ರಾಡ್ ಗೇಜ್‌ನಲ್ಲಿ 600 ಮೀಟರ್ ದೂರಕ್ಕೆ ಓಡಿ ಹಳಿಯ ಮೇಲೆ ಒಂದು ಪಟಾಕಿ ಕಟ್ಟಬೇಕು. ಅಲ್ಲಿಂದ ಮತ್ತೆ ಓಡಿ 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು. ಎಂಜಿನ್ನಿನ ಗಾಲಿಯಡಿ ಅವು ಸಿಡಿದರೆ ಲೋಕೊ ಪೈಲಟ್ ಬ್ರೇಕು ಹಾಕುತ್ತಾನೆ. ಸೇತುವೆಯ ದುರಸ್ತಿ ಆರಂಭವಾಗುವುದೇ ಆ ಓಟದಿಂದ ಎಂದರೆ ತಪ್ಪಲ್ಲ. ರೈಲು ಬಿದ್ದ ಮೇಲೆ ಎತ್ತುವ ಕೆಲಸವೂ ಸೇರಿದರೆ ದಿನಗಳು ವಾರಗಳಾಗುತ್ತವೆ.

ಶಿವಮೊಗ್ಗದ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟವೂ ಅದೇ ವಿಭಾಗದ್ದು. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದ ಅದೇ ಮಳೆಗೆ ಈ ಘಟ್ಟದಲ್ಲಿಯೂ ಹತ್ತಾರು ಕಡೆ ಗುಡ್ಡ ಜಾರಿ ರೈಲು ವಾರಗಟ್ಟಲೆ ನಿಂತಿತ್ತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಇಳಿಜಾರೇ ಜಾರಿತು. ಲಾರಿ ಹೋಗದ ಜಾಗ. ಬಂಡೆ, ಮರಳು ಚೀಲ, ತಂತಿ ಬಲೆ, ಆಳು ಎಲ್ಲವೂ ಹಳಿಯ ಮೇಲೇ ಬರಬೇಕು. ಸುರಿಯುವ ಮಳೆಯಲ್ಲಿ ನೂರಾರು ಜನ ಹಗಲುರಾತ್ರಿ ಕಲ್ಲು ತುಂಬಿದ ತಂತಿ ಬಲೆಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಎತ್ತಿದರು. ಆಗಸ್ಟ್ ಮೊದಲ ವಾರದಲ್ಲಿ ಮೊದಲು ಸರಕು ರೈಲು ಬಿಟ್ಟರು, ಅದೂ ಆಮೆ ವೇಗದಲ್ಲಿ. ಅದು ಸರಿಹೋಯಿತೆಂದು ಖಾತ್ರಿಯಾದ ಮೇಲೆ ಪ್ರಯಾಣಿಕರ ಸರದಿ. ಇದು ಸೇತುವೆಯ ಉದಾಹರಣೆ ಅಲ್ಲ ನಿಜ. ಆದರೆ ತುಂಗೆಯ ದಡದ ಏರಿ ಕೊಚ್ಚಿಹೋದರೆ ಇದೇ ವಿಭಾಗದ ಇದೇ ಜನ ಇದೇ ವಿದ್ಯೆಯನ್ನು ಹೊತ್ತು ಬರುತ್ತಾರೆ.

ಸೇತುವೆಯ ಒಂದು ಕಂಬವೇ ಹೋಗಿದ್ದರೆ ಮಾಡುವುದು ಇನ್ನೊಂದು ಉಪಾಯ. ಹಿಂದೆ ಮರದ ಸ್ಲೀಪರುಗಳನ್ನು ಅಡ್ಡ ಉದ್ದ ಜೋಡಿಸಿ ಅಟ್ಟಣೆ ಕಟ್ಟುತ್ತಿದ್ದರು, ಅದರ ಮೇಲೆ ತಾತ್ಕಾಲಿಕ ಗರ್ಡರು. ಸ್ಲೀಪರು ಕಾಂಕ್ರೀಟಿನದಾದ ಮೇಲೆ ಮರದವು ಸಿಗುವುದು ಕಷ್ಟ. ಈಗ ಆ ಜಾಗಕ್ಕೆ ಉಕ್ಕಿನ ಅಟ್ಟಣೆ ಬಂದಿದೆ. ಇಂಥ ಗರ್ಡರು, ಬಂಡೆ, ಜಲ್ಲಿಯನ್ನು ಮಳೆಗಾಲಕ್ಕೆ ಮೊದಲೇ ಆಯಕಟ್ಟಿನ ನಿಲ್ದಾಣಗಳಲ್ಲಿ, ಕೆಲವೆಡೆ ವ್ಯಾಗನ್ನಿಗೇ ತುಂಬಿ ತಯಾರಿಟ್ಟಿರುತ್ತಾರೆ. ಮಳೆ ಬಾರದ ವರ್ಷ ಅದು ದಂಡದ ಖರ್ಚಿನಂತೆ ಕಾಣುತ್ತದೆ, ಲೆಕ್ಕ ತನಿಖೆಯವರು ಕೇಳುತ್ತಾರೆ. ಬಂದ ವರ್ಷ ಯಾರೂ ಕೇಳುವುದಿಲ್ಲ.

ರೈಲು ಬೇಗ ಓಡಿಸುವ ಈ ಕಲೆಯಲ್ಲಿ ನಮ್ಮ ದೇಶದ ದೊಡ್ಡ ಕಥೆ ರೈಲನ್ನು ಸಮುದ್ರ ದಾಟಿಸಿ ರಾಮೇಶ್ವರಕ್ಕೆ ಮುಟ್ಟಿಸಿದ ಪಾಂಬನ್ನಿನದು. 1914ರಲ್ಲಿ ತೆರೆದ ಆ ಸೇತುವೆ ಎರಡು ಕಿಲೋಮೀಟರಿಗೂ ಸ್ವಲ್ಪ ಉದ್ದ. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಧನುಷ್ಕೋಟಿಯನ್ನೂ ಅಲ್ಲಿಗೆ ಹೊರಟಿದ್ದ ರೈಲನ್ನೂ ನುಂಗಿತು. ಸೇತುವೆಯ 126 ಗರ್ಡರುಗಳು ಸಮುದ್ರಕ್ಕೆ ಬಿದ್ದವು. ಕಂಬಗಳು ಬಹುತೇಕ ನಿಂತಿದ್ದವು, ಹಡಗಿಗೆ ದಾರಿ ಬಿಡುವ ತೆರೆಯುವ ಭಾಗವೂ ಉಳಿದಿತ್ತು. ರೈಲ್ವೆ ಇಟ್ಟುಕೊಂಡ ಗಡುವು ಆರು ತಿಂಗಳು. ಮೇಲಧಿಕಾರಿ ಅದನ್ನು ಮೂರಕ್ಕೆ ಇಳಿಸಿದರು. ಹೊಣೆ ಬಿದ್ದದ್ದು 32 ವರ್ಷದ ಇಂಜಿನಿಯರು ಇ. ಶ್ರೀಧರನ್ ಅವರಿಗೆ. ದೇಶದ ಮೂಲೆಮೂಲೆಯಿಂದ ಗರ್ಡರು ತರಿಸುವ ಯೋಚನೆ ನಡೆದಿರುವಾಗ, ಮೀನುಗಾರರು ಬಿದ್ದ ಗರ್ಡರುಗಳು ಸಮುದ್ರದಲ್ಲಿ ಎಲ್ಲಿವೆ ಎಂದು ತೋರಿಸಿದರು. ಎತ್ತಿ ತಂದು ಹಾಳಾಗದ್ದನ್ನು ಮತ್ತೆ ಕಂಬದ ಮೇಲಿಟ್ಟರು. 46 ದಿನಕ್ಕೆ ರೈಲು ಓಡಿತು. ಶ್ರೀಧರನ್ ಮುಂದೆ ಕೊಂಕಣ ರೈಲ್ವೆ ಕಟ್ಟಿದಾಗ ಅದರ ಅತಿ ಉದ್ದದ ಸೇತುವೆ ನಮ್ಮ ಶರಾವತಿಯ ಮೇಲೆ ಹೊನ್ನಾವರದಲ್ಲಿ ಎದ್ದಿತು. ಅದರ ಉದ್ದವೂ ಪಾಂಬನ್ನಿನಷ್ಟೇ, ಎರಡು ಕಿಲೋಮೀಟರಿಗಿಂತ ಚೂರು ಜಾಸ್ತಿ. ಇದಕ್ಕೆ ಅರ್ಥವೇನೂ ಇಲ್ಲ, ಕಾಕತಾಳೀಯ ಅಷ್ಟೇ. ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

46 ದಿನದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಂಬ ನಿಂತಿದ್ದವು ಎಂಬುದನ್ನು ಮರೆಯುತ್ತಾರೆ. ಬುನಾದಿ ಉಳಿದಿದ್ದರಿಂದ ಅದು ಮೇಲ್ಭಾಗವನ್ನು ಮತ್ತೆ ಜೋಡಿಸುವ ಕೆಲಸವಾಯಿತು. ಬುನಾದಿಯೇ ಹೋಗಿದ್ದರೆ ಎಂಥ ಇಂಜಿನಿಯರಿಗೂ ಹೊಳೆಯ ತಳಕ್ಕೆ ಇಳಿಯದೆ ಗತ್ಯಂತರವಿಲ್ಲ. ಎರಡನೆಯ ಪಾಲಿನ ಕೆಲಸ ಅಲ್ಲಿಂದ ಶುರು.

ಎಷ್ಟು ಆಳ ಇಳಿಯಬೇಕು? ಇದಕ್ಕೆ ಇಂದಿಗೂ ನಮ್ಮ ರೈಲ್ವೆ ಬಳಸುವ ಲೆಕ್ಕ 1930ರದ್ದು. ಉತ್ತರ ಭಾರತದ ನೀರಾವರಿ ಕಾಲುವೆಗಳಲ್ಲಿ ದುಡಿದ ಜೆರಾಲ್ಡ್ ಲೇಸಿ ಎಂಬ ಇಂಜಿನಿಯರು, ಮೆಕ್ಕಲು ಮಣ್ಣಿನಲ್ಲಿ ಹರಿಯುವ ನೀರು ತನ್ನ ದಾರಿಯನ್ನು ತಾನೇ ಎಷ್ಟು ಆಳ ಮಾಡಿಕೊಳ್ಳುತ್ತದೆ ಎಂದು ಸೂತ್ರ ಕಟ್ಟಿದ. ಹರಿವನ್ನು ಮಣ್ಣಿನ ಗುಣಕ್ಕೆ ಭಾಗಿಸಿ, ಅದರ ಘನಮೂಲವನ್ನು 0.473ರಿಂದ ಗುಣಿಸಿದರೆ ಮೀಟರಿನಲ್ಲಿ ಆಳ ಬರುತ್ತದೆ. ಹರಿವು ಎಂಟು ಪಟ್ಟಾದರೆ ಆಳ ಎರಡು ಪಟ್ಟು. ಒಂದು ಮರಳಿನ ಹೊಳೆಯಲ್ಲಿ ಸೆಕೆಂಡಿಗೆ 2,000 ಘನಮೀಟರ್, ಅಂದರೆ ಪತ್ರಿಕೆಗಳ ಭಾಷೆಯಲ್ಲಿ ಸುಮಾರು 70 ಸಾವಿರ ಕ್ಯೂಸೆಕ್, ಹರಿಯುತ್ತಿದೆ ಎನ್ನಿ. ಮಣ್ಣಿನ ಗುಣವನ್ನು ಒಂದು ಎಂದು ಹಿಡಿದರೆ ಸಾಧಾರಣ ಕೊರೆತ ಆರು ಮೀಟರ್. ಕಂಬದ ಮೂಗಿನ ಬಳಿ ಸುಳಿಯ ದೆಸೆಯಿಂದ ಅದನ್ನು ಇಮ್ಮಡಿ ಮಾಡಿಕೊಳ್ಳಬೇಕು, ಹನ್ನೆರಡು. ಅದರ ಮೇಲೆ ಮೂರರಲ್ಲೊಂದು ಪಾಲು ಹಿಡಿತಕ್ಕೆ ಸೇರಿಸಿದರೆ ಹದಿನಾರು ಮೀಟರ್. ಈ ಅಳತೆಯನ್ನು ಹೊಳೆಯ ತಳದಿಂದ ಅಳೆಯುವುದಿಲ್ಲ, ನೆರೆಯ ನೀರಿನ ಮಟ್ಟದಿಂದ ಕೆಳಕ್ಕೆ ಅಳೆಯುತ್ತಾರೆ. ಯಾವ ನೆರೆ? ಸಾಮಾನ್ಯ ಸೇತುವೆಗೆ 50 ವರ್ಷಕ್ಕೊಮ್ಮೆ ಬರಬಹುದಾದದ್ದು, ಮುಖ್ಯ ಸೇತುವೆಗೆ 100 ವರ್ಷದ್ದು. ಈ ವರ್ಷಗಳ ಲೆಕ್ಕ ಹಳೆಯ ಮಳೆಯ ದಾಖಲೆಯ ಮೇಲೆ ನಿಂತಿದೆ, ಮಳೆಯೇ ಬದಲಾದರೆ ನೂರರ ನೆರೆ ಮೂವತ್ತಕ್ಕೇ ಬಂದು ಬಾಗಿಲು ತಟ್ಟಬಹುದು.

ಅಷ್ಟು ಆಳಕ್ಕೆ ಇಳಿಯಲು ನಮ್ಮ ದೇಶದ ಹಳೆಯ ವಿದ್ಯೆಯೇ ಬಾವಿ ಬುನಾದಿ. ನೀರಿನ ನಡುವೆ ಮಣ್ಣಿನ ದಿಬ್ಬ ಮಾಡಿ, ಅದರ ಮೇಲೆ ಉಕ್ಕಿನ ಹರಿತ ಅಂಚಿನ ಒಂದು ಬಳೆ ಇಟ್ಟು, ಬಳೆಯ ಮೇಲೆ ಕಾಂಕ್ರೀಟಿನ ಸುತ್ತುಗೋಡೆ ಎತ್ತುತ್ತಾರೆ. ಒಳಗಿನಿಂದ ಮಣ್ಣು ತೆಗೆದಂತೆಲ್ಲ ಗೋಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕ್ರೇನಿಗೆ ಕಟ್ಟಿದ ಕಬ್ಬಿಣದ ಬಾಯಿ ಒಳಗೆ ಬಿದ್ದು ಕಚ್ಚಿಕೊಂಡು ಮೇಲೆ ಬರುತ್ತದೆ. ಒಂದು ಸಲ ಮರಳು, ಒಂದು ಸಲ ಜೇಡಿ, ಒಂದು ಸಲ ಕೊಳೆಯದೆ ಉಳಿದ ಹಳೆಯ ಮರದ ತುಂಡು. ಒಂದು ಕಡೆ ಬಂಡೆ ಸಿಕ್ಕಿದರೆ ಬಾವಿ ವಾಲುತ್ತದೆ. ವಾಲಿದ ಬಾವಿಯನ್ನು ನೆಟ್ಟಗೆ ಮಾಡುವುದೇ ಮೇಸ್ತ್ರಿಯ ನಿಜವಾದ ಪರೀಕ್ಷೆ. ಎತ್ತರದ ಬದಿಯ ಒಳಗೆ ಹೆಚ್ಚು ಅಗೆಯಬೇಕು, ಅದೇ ಬದಿಗೆ ಮೇಲಿನಿಂದ ಭಾರ ಹೇರಬೇಕು, ಅದೂ ಸಾಲದಿದ್ದರೆ ಮುಳುಗುಗಾರ ಕತ್ತಲಿನಲ್ಲಿ ಕೈಯಿಂದ ತಡವಿ ಬಂಡೆ ಎಲ್ಲಿದೆ ಎಂದು ಹೇಳಬೇಕು. ಬೇಕಾದ ಆಳ ಮುಟ್ಟಿದ ಮೇಲೆ ತಳಕ್ಕೆ ಕಾಂಕ್ರೀಟಿನ ಬಿರಡೆ, ಒಳಗೆ ಮರಳು, ಮೇಲೆ ಮುಚ್ಚಳ, ಅದರ ಮೇಲೆ ಕಂಬ. ಇದೆಲ್ಲ ನೀರು ಕಡಿಮೆಯಿರುವ ತಿಂಗಳುಗಳಲ್ಲೇ ಮುಗಿಯಬೇಕು. ಮಲೆನಾಡಿನಲ್ಲಿ ಆ ಅವಕಾಶ ದೀಪಾವಳಿಯಿಂದ ಮೇ ಕೊನೆಯವರೆಗೆ. ಒಂದು ವರ್ಷ ತಪ್ಪಿದರೆ ಇನ್ನೊಂದು ವರ್ಷ.

ದೊಡ್ಡ ಹೊಳೆಯ ಮಾತನ್ನೇ ಆಡುತ್ತಿದ್ದೇನೆ, ಆದರೆ ಜೀವ ಹೆಚ್ಚು ಹೋದದ್ದು ಸಣ್ಣ ತೊರೆಗಳಲ್ಲಿ. 1956ರ ಸೆಪ್ಟೆಂಬರ್‌ನಲ್ಲಿ ಆಗಿನ ಹೈದರಾಬಾದ್ ರಾಜ್ಯದ ಮಹಬೂಬ್‌ನಗರದ ಬಳಿ, ಮೂರು ತಿಂಗಳೊಳಗೆ ಇಂದಿನ ತಮಿಳುನಾಡಿನ ಅರಿಯಲೂರಿನ ಮರುದೈಯಾರು ಹೊಳೆಯಲ್ಲಿ ಸೇತುವೆ ಕುಸಿದು ರೈಲು ಬಿತ್ತು. ಎರಡೂ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಅರಿಯಲೂರಿನ ನಂತರ ರೈಲ್ವೆ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟದ್ದನ್ನು ಶಾಲೆಯ ಪಾಠದಲ್ಲಿ ಓದಿದ್ದೇವೆ; ಹೊಳೆಯ ಹೆಸರು ಯಾರಿಗೂ ನೆನಪಿಲ್ಲ. 2005ರ ಅಕ್ಟೋಬರ್ 29ರಂದು ಆಗಿನ ಆಂಧ್ರದ ವಲಿಗೊಂಡ ಬಳಿ ಕೆರೆ ಒಡೆದ ನೀರು ಒಂದು ಸಣ್ಣ ಸೇತುವೆಯನ್ನು ಎತ್ತಿಕೊಂಡು ಹೋಯಿತು, ಡೆಲ್ಟಾ ಪ್ಯಾಸೆಂಜರ್ ಅದರೊಳಕ್ಕೆ ಬಿತ್ತು. ಮೇಲಿನ ಕೆರೆ ಒಡೆದರೆ ಕೆಳಗಿನ ಮೋರಿಗೆ ಬರುವ ನೀರು ಯಾವ ಸೂತ್ರಕ್ಕೂ ಸಿಗುವುದಿಲ್ಲ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ಕಾರಣ ಹುಡುಕಲು ಹೋದ ವಿಶ್ವೇಶ್ವರಯ್ಯನವರು ನದಿಯ ಜೊತೆಗೆ ಮೇಲಿನ ಬಯಲಿನ ಒಡೆದ ಕೆರೆಗಳನ್ನೂ ಎಣಿಸಿದ್ದರು. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ದಡ ಮುಟ್ಟಿಸಿದವರೂ ಅವರೇ. ತರೀಕೆರೆಯಿಂದ ಮಲವಗೊಪ್ಪದವರೆಗೆ ಹಳಿಯ ಮೇಲ್ಭಾಗದಲ್ಲಿ ಕೆರೆಗಳಿಗೇನೂ ಕಮ್ಮಿಯಿಲ್ಲ. ಸಣ್ಣ ಸೇತುವೆ ಹೋದ ಕಡೆ ಮತ್ತೆ ಕಟ್ಟುವಾಗ ಹಳೆಯದರಷ್ಟೇ ಕಣ್ಣು ಬಿಟ್ಟರೆ ಕೆಲಸ ಅರ್ಧವಾದಂತೆ. ನೀರಿಗೆ ಎಷ್ಟು ಜಾಗ ಸಾಲದಾಯಿತು ಎಂಬುದನ್ನು ಆ ಅನಾಹುತವೇ ಅಳೆದು ತೋರಿಸಿರುತ್ತದೆ.

ಈ ವಿಷಯದಲ್ಲಿ ನನಗೆ ಅತ್ಯಂತ ಕಾಡುವ ಉದಾಹರಣೆ ಐರ್ಲೆಂಡಿನದು. ಡಬ್ಲಿನ್–ಬೆಲ್‌ಫಾಸ್ಟ್ ಮಾರ್ಗದ ಮಾಲಹೈಡ್ ಎಂಬಲ್ಲಿ ಅಳಿವೆಯ ಮೇಲೆ ಹಳೆಯ ರೈಲ್ವೆ ಸೇತುವೆ. ಅದರ ಕಂಬಗಳು ನಿಂತದ್ದು ಆಳದ ಬುನಾದಿಯ ಮೇಲಲ್ಲ, ನೀರಿನ ತಳಕ್ಕೆ ಸುರಿದ ಕಲ್ಲಿನ ಒಡ್ಡಿನ ಮೇಲೆ. ಭರತ ಇಳಿತಕ್ಕೆ ಕಲ್ಲು ಜಾರುತ್ತದೆ, ಆಗಾಗ ಹೊಸ ಕಲ್ಲು ಸುರಿಯುತ್ತಿರಬೇಕು. ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದರು. ಆಮೇಲೆ ಹಳಬರು ನಿವೃತ್ತರಾದರು, ಕಡತ ಯಾವ ಕಪಾಟಿಗೋ ಸೇರಿತು, ಕಲ್ಲು ಸುರಿಯಬೇಕೆಂಬುದೇ ಸಂಸ್ಥೆಗೆ ಮರೆತುಹೋಯಿತು. 2009ರ ಆಗಸ್ಟ್‌ನಲ್ಲಿ, ಅಲ್ಲಿ ದೋಣಿ ನಡೆಸುವ ಸಮುದ್ರ ಸ್ಕೌಟ್ ತಂಡದವರೊಬ್ಬರು ಕಂಬದ ಬಳಿ ನೀರಿನ ಓಟ ಬದಲಾಗಿದೆ ಎಂದು ರೈಲ್ವೆಗೆ ಫೋನು ಮಾಡಿದರು. ಇಂಜಿನಿಯರು ಬಂದರು, ಕಂಬ ನೋಡಿದರು, ಬಿರುಕಿಲ್ಲ ಎಂದು ಹೋದರು. ನೋಡಬೇಕಾಗಿದ್ದು ಒಡ್ಡನ್ನು. ಆಗಸ್ಟ್ 21ರ ಸಂಜೆ ರೈಲೊಂದು ದಾಟುತ್ತಿರುವಾಗಲೇ ಹಳಿಯ ಕೆಳಗೆ ಏನೋ ಜಾರುತ್ತಿರುವುದು ಚಾಲಕನ ಕಣ್ಣಿಗೆ ಬಿತ್ತು. ರೈಲು ದಾಟಿತು, ಆತ ಸುದ್ದಿ ಮುಟ್ಟಿಸಿದ, ಹಿಂದೆಯೇ ಕಂಬವೂ ಅದರ ಮೇಲಿನ ಹಳಿಯೂ ನೀರು ಪಾಲು. ಒಬ್ಬರೂ ಸಾಯಲಿಲ್ಲ. ನವೆಂಬರ್ 16ಕ್ಕೆ ಮಾರ್ಗ ತೆರೆಯಿತು. ಬಿದ್ದದ್ದನ್ನು ಕಟ್ಟಿದ್ದಲ್ಲದೆ ನಿಂತಿದ್ದ ಕಂಬಗಳ ಬುಡವನ್ನೂ ಬಲಪಡಿಸಿದರು, ಅದೇ ಸರಿಯಾದ ಕ್ರಮ. ಒಂದು ಕಂಬ ಬಿದ್ದಿದೆ ಎಂದರೆ ಉಳಿದವೂ ಅದೇ ನೀರಿನಲ್ಲಿ ನಿಂತಿವೆ.

ಮುಖ್ಯ ಸೇತುವೆಗಳಿಗೆ ಈಗ ನೀರಿನ ಮಟ್ಟ ಅಳೆಯುವ ಯಂತ್ರ ಬಂದಿದೆ; ನೀರು ಗೆರೆ ದಾಟಿದರೆ ಇಂಜಿನಿಯರಿನ ಮೊಬೈಲಿಗೆ ಸಂದೇಶ ಹೋಗುತ್ತದೆ. ಒಳ್ಳೆಯದೇ. ಆದರೆ ಅದೂ ಕಂಬದ ಬಣ್ಣದ ಪಟ್ಟಿಯಂತೆ ಮೇಲ್ಮೈಯನ್ನೇ ಓದುತ್ತದೆ. ತಳದ ಗುಂಡಿ ತಿಳಿಯಲು ದೋಣಿ ಬೇಕು, ಅಳತೆ ಕೋಲೋ ಶಬ್ದ ತರಂಗದ ಉಪಕರಣವೋ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಇನ್ನೂ ರಭಸದಲ್ಲಿರುವಾಗ ಅದನ್ನು ಇಳಿಸುವ ಧೈರ್ಯ ಬೇಕು. ಮರಳು ಬಂದು ಕೂತ ಮೇಲೆ ತೆಗೆದ ಅಳತೆ ಬೇಸಿಗೆಯ ಹೊಳೆಯ ಅಳತೆ. ಸೇತುವೆಯ ರಿಜಿಸ್ಟರಿನಲ್ಲಿ ಪ್ರತಿ ಕಂಬದ ಬುಡದ ಆಳ ಬರೆಯುವ ಜಾಗದ ಪಕ್ಕದಲ್ಲಿ ಅದನ್ನು ಅಳೆದ ತಾರೀಖನ್ನೂ, ಆ ದಿನ ಗಾಜನೂರಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದರು ಎಂಬುದನ್ನೂ ಬರೆದಿಟ್ಟರೆ, ಇನ್ನು ಮೂವತ್ತು ವರ್ಷದ ಮೇಲೆ ಆ ಕುರ್ಚಿಯಲ್ಲಿ ಕೂರುವವರಿಗೆ ಅಂಕಿಯನ್ನು ಎಷ್ಟು ನಂಬಬೇಕು ಎಂದಾದರೂ ತಿಳಿದೀತು.